ಓಟಲೊ ಎಂಬ ಜಗಲಿ

ವಡೋದರದ ಮಾಂಜಲ್‌ಪುರದಲ್ಲಿ, ಬಹುಮಹಡಿ ವಸತಿಗಳ ಬಾಗಿಲ ಬಳಿ ಸಿಮೆಂಟಿನ ಬಾಂಕಡೊ ಎಂಬ ಬೆಂಚುಗಳ ಮೇಲೆ ಸಾಯಂಕಾಲ ಸಾಲಾಗಿ ಕುಳಿತು ಹರಟುವ ವೃದ್ಧರನ್ನು ಕಂಡಾಗಲೆಲ್ಲ, ನನ್ನ ಚಿತ್ತವು ಆ ಪೀಠಗಳ ಪೂರ್ವಜನಾದ ಓಟಲೊವನ್ನು ಅರಸುತ್ತ, 1411ರಲ್ಲಿ ಸ್ಥಾಪಿತವಾಗಿ 2017ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಅಹಮದಾಬಾದಿನ ಪೋಳುಗಳಿಗೆ ಓಡುವುದು. ಪೋಳ್ ಎಂದರೆ ಸಂಸ್ಕೃತದ ಪ್ರತೋಲಿ. ಒಂದೇ ಹೆಬ್ಬಾಗಿಲೊಳಗೆ ಬಾಳುವ ಓಣಿ. ಓಟಲೊ ಎಂದರೆ ನಮ್ಮ ಜಗಲಿಯೇ, ಹೆಸರು ಮಾತ್ರ ಬೇರೆ!

ಅದರ ಎತ್ತರವನ್ನು ಗಮನಿಸಬೇಕು: ಕುಳಿತವಳಿಗೂ ನಡೆದು ಹೋಗುವವನಿಗೂ ದೃಷ್ಟಿ ಸುಲಭವಾಗಿ ಕೂಡುವಷ್ಟು, ಆದರೆ ಓಣಿಯ ಧೂಳು ಹೊಸ್ತಿಲನ್ನು ಮುಟ್ಟದಷ್ಟು. ಮೇಲೆ ಮುಂಚಾಚಿದ ಮಹಡಿ ನೆರಳನ್ನು ದಾನ ಮಾಡಿದರೆ, ನೆತ್ತಿಯಲ್ಲಿ ಕೆತ್ತನೆಯ ಬೋದಿಗೆ ಹೊತ್ತು ಕಲ್ಲಿನ ಪಾದದ ಮೇಲೆ ನಿಂತ ಮರದ ಕಂಬ ಬೆನ್ನಿಗೆ ಆಸರೆ. ಮನೆಯೂ ಅಲ್ಲ, ಬೀದಿಯೂ ಅಲ್ಲ. ಕರೆಯದೆಯೂ ಕೂರಬಹುದು, ಕೇಳದೆಯೂ ಏಳಬಹುದು. ಓಣಿ ಅಗಲವಾಗುವಲ್ಲಿ ಚಬೂತರೊ ಎಂಬ ಹಕ್ಕಿಗೂಡಿನ ಕಂಬ. ಕಂಬದ ತುದಿಯ ಆ ಕೆತ್ತನೆಯ ಗೂಡಿಗೆ ಕಾಳು ಚೆಲ್ಲಲು ಬಂದವರು ಪಾರಿವಾಳಗಳ ನೆಪದಲ್ಲಿ ಪರಸ್ಪರ ಮಾತಿಗಿಳಿಯುವರು.

ಒಮ್ಮೆ ಅಂಥದೊಂದು ಓಟಲೊದ ಮೇಲೆ ಬಟಾಣಿ ಸುಲಿಯುತ್ತಿದ್ದ ಮುದುಕಿಯೊಬ್ಬಳು ನನ್ನನ್ನು ಕಂಡು, ಯಾರೆಂದೂ ವಿಚಾರಿಸದೆ, ತಟ್ಟೆಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದಳು.