ಪಟ್ಟಿಯೊಳಗಿನ ಮೂರು ಜೇವರ್ಗಿಗಳು

ನೂರಾರು ವಿಳಾಸಗಳಿಗೆ ತಾನಾಗಿಯೇ ಇ-ಮೇಲ್ ಕಳುಹಿಸುವ ಕ್ರಮವಿಧಿ ಬರೆಯುವುದು ಇಂದು ಪದವಿ ವಿದ್ಯಾರ್ಥಿಗಳಿಗೆ ಪ್ರಿಯವಾದ ಪ್ರಾಜೆಕ್ಟ್. ಪೈಥಾನ್ ಭಾಷೆಯಲ್ಲಿ ಇಪ್ಪತ್ತು ಸಾಲು ಸಾಕು. ಪಾಠಗಳಲ್ಲಿ ಕೊಡುವ ಮಾದರಿಗಳೂ ಅಲ್ಲಿಗೇ ನಿಲ್ಲುತ್ತವೆ: ಪಟ್ಟಿಯನ್ನು ಓದು, ಹೆಸರು ತುಂಬು, ಕಳುಹಿಸು. ನನ್ನ ಆಕ್ಷೇಪ ಇರುವುದು ಇಲ್ಲಿ. ಕಳುಹಿಸುವುದು ಸುಲಭ, ಪಟ್ಟಿಯನ್ನು ಸರಿಯಾಗಿ ಇಟ್ಟುಕೊಳ್ಳುವುದು ಕಷ್ಟ. ಮಾದರಿಗಳು ಸುಲಭದ್ದನ್ನಷ್ಟೇ ಕಲಿಸುತ್ತವೆ.

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಒಂದು ವಿಜ್ಞಾನ ಕಾರ್ಯಕ್ರಮದ ಸೂಚನೆ ಹೋಗಬೇಕು, ತಾಲ್ಲೂಕಿಗೊಂದು ದಿನಾಂಕ ಎಂದಿಟ್ಟುಕೊಳ್ಳಿ. ಶಾಲೆಗಳೇ ತುಂಬಿದ ವಿವರಗಳಲ್ಲಿ ಜೇವರ್ಗಿ, ಜೇವರಗಿ, ಜೀವರ್ಗಿ ಮೂರೂ ಇರಬಹುದು. ಅಫಜಲಪುರದ ಜೊತೆಗೆ ಅಫ್ಜಲ್‌ಪುರವೂ, ಆಳಂದದ ಜೊತೆಗೆ ಆಲಂದವೂ ಬರಬಹುದು. ಜಿಲ್ಲೆಯ ಹೆಸರು 2014ರ ನವೆಂಬರ್ 1ರಂದು ಗುಲ್ಬರ್ಗಾದಿಂದ ಕಲಬುರಗಿ ಆಯಿತು. ಹಳೆಯ ಪಟ್ಟಿಗಳು ಬದಲಾಗಿಲ್ಲ. ಜೇವರ್ಗಿಯಿಂದ ಬೇರ್ಪಟ್ಟ ಯಡ್ರಾಮಿ ಈಗ ಪ್ರತ್ಯೇಕ ತಾಲ್ಲೂಕು. ಓದುವ ಗುಮಾಸ್ತರಿಗೆ ಇದೆಲ್ಲ ತೊಡಕಲ್ಲ. ಕ್ರಮವಿಧಿಗೆ ಮಾತ್ರ ಪ್ರತಿಯೊಂದು ಕಾಗುಣಿತವೂ ಬೇರೊಂದು ಊರು. ‘ಜೇವರಗಿ’ ಎಂದು ಬರೆದ ಶಾಲೆಗೆ ಸೂಚನೆ ಹೋಗುವುದೇ ಇಲ್ಲ, ಹೋಗಲಿಲ್ಲವೆಂಬುದು ಯಾರಿಗೂ ತಿಳಿಯುವುದೂ ಇಲ್ಲ.

ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ‘ಜೇ’ ಅಕ್ಷರದ ದೀರ್ಘ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಹ್ರಸ್ವ ಎತ್ವ ಮತ್ತು ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಗಣಕದ ಹೋಲಿಕೆಯಲ್ಲಿ ಎರಡೂ ಬೇರೆ. ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣ ಇವನ್ನು ಒಂದು ರೂಪಕ್ಕೆ ತರುತ್ತದೆ. ಪೈಥಾನ್‌ನಲ್ಲಿ ಅದಕ್ಕೆ ಬೇಕಾದದ್ದು ಒಂದು ಸಾಲು. ಆದರೆ ಅಫ್ಜಲ್‌ಪುರದಲ್ಲಿ ‘ಪು’ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತವನ್ನು ಅದು ತೆಗೆಯುವುದಿಲ್ಲ. ನುಡಿ, ಬರಹಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಪಟ್ಟಿಯನ್ನಂತೂ ಮೊದಲು ಯುನಿಕೋಡ್‌ಗೆ ಪರಿವರ್ತಿಸಲೇಬೇಕು. ಇಂಗ್ಲಿಷ್ ಹೆಸರುಗಳನ್ನಷ್ಟೇ ಬಳಸುವ ಮಾದರಿಗಳಲ್ಲಿ ಈ ಪ್ರಶ್ನೆಗಳು ಏಳುವುದೇ ಇಲ್ಲ. ಹೆಸರಿನ ಬದಲು ಶಾಲೆಯ 11 ಅಂಕಿಗಳ ಯು-ಡೈಸ್ ಸಂಕೇತವನ್ನೇ ಗುರುತಾಗಿ ಹಿಡಿಯುವುದು ಉತ್ತಮ. ಊರಿನ ಹೆಸರು ಪತ್ರದಲ್ಲಿ ಮುದ್ರಿಸಲು ಇರಲಿ.

ಕಳುಹಿಸುವ ಭಾಗವೂ ನಿರ್ದೋಷಿಯಲ್ಲ. ಅರವತ್ತನೆಯ ವಿಳಾಸದ ನಂತರ ವಿದ್ಯುತ್ ಹೋದರೆ? ಮತ್ತೆ ಚಾಲನೆ ಮಾಡಿದಾಗ ಮೊದಲ ಅರವತ್ತು ಮಂದಿಗೆ ಎರಡೆರಡು ಪತ್ರ. ಪ್ರತಿ ವಿಳಾಸದ ಮುಂದೆ ಕಳುಹಿಸಿದ ವೇಳೆಯನ್ನು ಆಗಿಂದಾಗಲೇ ದಾಖಲಿಸಿದರೆ ಇದು ತಪ್ಪುತ್ತದೆ. ಪ್ರಯೋಗಶಾಲೆಯಲ್ಲಿ ಅಳತೆಗಳನ್ನು ಕೊನೆಗೆ ನೆನಪಿನಿಂದ ಬರೆಯಲು ನಾವು ಬಿಡುತ್ತೇವೆಯೆ? ಇನ್ನು 1982ರಲ್ಲಿ ಜಾನ್ ಪೋಸ್ಟೆಲ್ ರೂಪಿಸಿದ ಎಸ್‌ಎಂಟಿಪಿ ನಿಯಮಾವಳಿಯಲ್ಲಿ 250 ಎಂಬ ಉತ್ತರ ಬಂದರೆ ಮುಂದಿನ ಸರ್ವರ್ ಪತ್ರವನ್ನು ಒಪ್ಪಿಕೊಂಡಿತು ಎಂದಷ್ಟೇ ಅರ್ಥ. ಮುಖ್ಯೋಪಾಧ್ಯಾಯರು ಓದಿದರೆಂದಲ್ಲ.

ಒಬ್ಬೊಬ್ಬರಿಗೂ ಬೇರೆ ಪತ್ರ ಕಳುಹಿಸುವುದು ಮಾತ್ರ ಈ ಕ್ರಮವಿಧಿಗಳ ನಿಜವಾದ ಗುಣ. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದು. ಆದರೂ ಇಡೀ ಪಟ್ಟಿಯನ್ನು, ಖಾತೆಯ ಗುಪ್ತಪದದ ಸಮೇತ, ಕ್ರಮವಿಧಿಯೊಳಗೇ ಬರೆದು ಗೆಳೆಯರಿಗೆ ಹಂಚುವ ಅಭ್ಯಾಸವಿದೆ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ವಿವರಗಳ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಶಾಲಾಮಕ್ಕಳ ಪಟ್ಟಿಯೊಡನೆ ಪ್ರಾಜೆಕ್ಟ್ ಮಾಡಿಸುವ ಅಧ್ಯಾಪಕರು ಇದನ್ನು ಗಮನಿಸಬೇಕು. ಮೌಖಿಕ ಪರೀಕ್ಷೆಯ ದಿನ ಮೂರು ಜೇವರ್ಗಿಗಳಿರುವ ಕಲ್ಪಿತ ಪಟ್ಟಿಯೊಂದನ್ನು ಕೊಟ್ಟು, ಕ್ರಮವಿಧಿ ನಡೆಯುತ್ತಿರುವಾಗಲೇ ಗಣಕವನ್ನು ಆರಿಸಿ ನೋಡಲಿ.