‘ಗುಡ್ಡದ ಭೂತ’: ಒಂದು ಮರುನೋಟ

ಪತ್ತೇದಾರಿ ಕಥೆಗೆ ಒಂದೇ ಓದಿನ ಆಯುಸ್ಸು ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಅಭಿಪ್ರಾಯ. ಕೊಂದವನು ಯಾರೆಂದು ತಿಳಿದೊಡನೆ ಅದರ ಕೆಲಸ ತೀರಿತು. ಆಮೇಲೆ ಅದು ಗಾಣದಿಂದ ಹೊರಬಿದ್ದ ಕಬ್ಬಿನ ಸಿಪ್ಪೆ. ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಪತ್ತೇದಾರ ಪುರುಷೋತ್ತಮನನ್ನು ಮನೆಮಾತಾಗಿಸಿದರು. ಎಷ್ಟೋ ಮಂದಿಗೆ ಕನ್ನಡ ಓದುವ ಚಟ ಹತ್ತಿಸಿದರು. ಆದರೂ ವಿಮರ್ಶೆಯ ಮನೆಯಲ್ಲಿ ಅವರಿಗೆ ದೊರೆತದ್ದು ಜಗಲಿಯೇ ಹೊರತು ನಡುಮನೆಯಲ್ಲ. ಈ ತೀರ್ಮಾನ ಸರಿಯೆಂದಾದರೆ ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ. ಮೂವತ್ತು ವರ್ಷ ಕಳೆದಮೇಲೂ, ಗುಟ್ಟೆಲ್ಲ ತಿಳಿದವರೇ, ಒಂದು ರಹಸ್ಯಕಥೆಯ ಕಂತುಗಳನ್ನು ಹುಡುಕಿ ಹುಡುಕಿ ಮತ್ತೆ ನೋಡುತ್ತಿರುವುದೇಕೆ?

ಹೀಗೆ ಮತ್ತೆ ಮತ್ತೆ ನೋಡಿಸಿಕೊಳ್ಳುತ್ತಿರುವುದು ಸದಾನಂದ ಸುವರ್ಣರು ದೂರದರ್ಶನಕ್ಕಾಗಿ ನಿರ್ದೇಶಿಸಿದ ‘ಗುಡ್ಡದ ಭೂತ’. 1990ರ ಸುಮಾರಿಗೆ, ಮನೆಗೊಂದೇ ವಾಹಿನಿಯಿದ್ದ ಕಾಲದಲ್ಲಿ ಬಂದ ಧಾರಾವಾಹಿ ಅದು. ಮುಂದೆ ನಾಲ್ಕಾರು ಭಾಷೆಗಳಲ್ಲಿ ಹೆಸರಾದ ಪ್ರಕಾಶ್ ರೈ ಆಗಿನ್ನೂ ಹೊಸಬರು. ಕರಾವಳಿಯ ಒಂದು ಊರು, ಊರಿಗೊಂದು ಗುಡ್ಡ, ಆ ಗುಡ್ಡದ ಮೇಲೊಂದು ಭೂತವಿದೆಯೆಂಬ ಜನರ ಭಯ, ಆ ಭಯದ ಬೆನ್ನುಹತ್ತಿ ಹೊರಟ ಶೋಧ: ಇಷ್ಟನ್ನು ಹೇಳಿದರೆ ಸಾಕು. ನೋಡದವರು ಇನ್ನೂ ಇದ್ದಾರು. ಗುಟ್ಟು ಗುಟ್ಟಾಗಿಯೇ ಇರಲಿ. ಗುಟ್ಟನ್ನು ಬಿಟ್ಟುಕೊಡದೆಯೂ ಈ ಕೃತಿಯ ಬೆಲೆಯನ್ನು ಚರ್ಚಿಸಬಹುದು ಎಂಬುದೇ ಅದರ ಹೆಚ್ಚುಗಾರಿಕೆಗೆ ಮೊದಲ ಸಾಕ್ಷಿ.

ಹೆಸರಿನಿಂದಲೇ ಆರಂಭಿಸೋಣ. ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರೈಲುದಾರಿಯಲ್ಲಿ ಕವಲಂದೆ ಸಿಗುತ್ತದೆ. ನಮ್ಮ ಆ ಕಡೆಯ ಬಯಲುಸೀಮೆಯಲ್ಲಿ ಭೂತವೆಂದರೆ ಪೀಡೆ; ಹುಣಸೆಮರದಲ್ಲಿ ಕೂತು ದಾರಿಹೋಕರನ್ನು ಹಿಡಿಯುವಂಥದು, ಬೇವಿನ ಸೊಪ್ಪಿನಿಂದ ಬಿಡಿಸಬೇಕಾದದ್ದು. ಟೀವಿಯಿದ್ದ ನಾಲ್ಕಾರು ಮನೆಗಳಲ್ಲಿ ಗುಂಪುಗೂಡಿದ ನಮ್ಮವರು ‘ಗುಡ್ಡದ ಭೂತ’ ಎಂಬ ಹೆಸರು ಕೇಳಿ ಹೆದರಿದ್ದು ಈ ಅರ್ಥದಲ್ಲಿ. ಆದರೆ ಕಥೆ ನಡೆಯುವ ತುಳುನಾಡಿನಲ್ಲಿ ಭೂತವೆಂದರೆ ದೈವ. ಅದಕ್ಕೆ ಕೋಲ ಕೊಡುತ್ತಾರೆ, ಪಾಡ್ದನ ಹಾಡುತ್ತಾರೆ, ವ್ಯಾಜ್ಯ ಬಂದಾಗ ಅದರ ಮುಂದೆ ನಿಂತು ತೀರ್ಪು ಬೇಡುತ್ತಾರೆ. ನಾವು ಓಡಿಸಲು ನೋಡುವುದನ್ನು ಅವರು ಕರೆದು ಕೂರಿಸುತ್ತಾರೆ. ಒಂದೇ ಕನ್ನಡದ ಒಂದೇ ಶಬ್ದದೊಳಗೆ ಎರಡು ನಾಡುಗಳು ಬೆನ್ನಿಗೆ ಬೆನ್ನು ಹಾಕಿ ಕುಳಿತಿವೆ. ಮೊದಲ ಸಲ ನೋಡುವಾಗ ಬಯಲುಸೀಮೆಯವನಿಗೆ ಇದು ಹೊಳೆಯುವುದಿಲ್ಲ. ಹೆದರಿಕೆಗೆ ಅಷ್ಟು ವ್ಯವಧಾನವೆಲ್ಲಿ? ಎರಡನೆಯ ಸಲ ನೋಡುವಾಗ ಹೆಸರೇ ಬಾಯಿ ತೆರೆದು ಮಾತಾಡುತ್ತದೆ.

ತುಳುನಾಡಿನ ಎಷ್ಟೋ ದೈವಗಳ ಹಿಂದೆ ಒಂದೊಂದು ಅನ್ಯಾಯದ ಕಥೆಯಿದೆ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡನ ಕೈಕಾಲನ್ನು, ಅವನು ಇಂಥದೇ ಇನ್ನೊಂದು ಮೂರ್ತಿಯನ್ನು ಬೇರೆಡೆ ಮಾಡಬಾರದೆಂದು, ಅರಸನೇ ಕಡಿಸಿದನೆಂದು ಪಾಡ್ದನ ಹೇಳುತ್ತದೆ. ನ್ಯಾಯ ಕೊಡಬೇಕಾದವನೇ ಅನ್ಯಾಯ ಮಾಡಿದ ಮೇಲೆ ದೂರು ಕೊಡುವುದು ಯಾರಿಗೆ? ಅವನ ತಂಗಿ ಕಲ್ಲುರ್ಟಿ ಸೇಡಿಗೆ ನಿಲ್ಲುತ್ತಾಳೆ, ಅಣ್ಣತಂಗಿಯರು ದೈವಗಳಾಗುತ್ತಾರೆ. ಪತ್ತೇದಾರಿ ಕಥೆ ಮಾಡುವುದೂ ಇದಕ್ಕೆ ದೂರವಾದ ಕೆಲಸವೇನಲ್ಲ. ಅದೂ ಬಾಯಿಲ್ಲದ ಸತ್ತವರ ಪರವಾಗಿ ಬದುಕಿದವರನ್ನು ವಿಚಾರಣೆಗೆ ಕರೆಯುತ್ತದೆ. ಒಂದೆಡೆ ದೈವದ ಪಾತ್ರಿ, ಇನ್ನೊಂದೆಡೆ ಪತ್ತೇದಾರ. ಇಬ್ಬರೂ ಮುಚ್ಚಿಟ್ಟದ್ದನ್ನು ಊರ ಮುಂದೆ ಆಡುವವರೇ. ಇಂಥ ನೆಲದಲ್ಲಿ ರಹಸ್ಯಕಥೆಯೊಂದನ್ನು ನೆಟ್ಟದ್ದು ಸುವರ್ಣರ ದೊಡ್ಡ ವಿವೇಕ. ಲಂಡನ್ನಿನ ಮಂಜನ್ನೂ ಪೈಪನ್ನೂ ಅವರು ಎರವಲು ತರಲಿಲ್ಲ.

ಎರಡನೆಯ ನೋಟದಲ್ಲಿ ನಮ್ಮ ಪ್ರಶ್ನೆಯೇ ಬೇರೆಯಾಗುತ್ತದೆ. ಮೊದಲು ಕೇಳುತ್ತಿದ್ದುದು ‘ಯಾರು?’ ಎಂದು. ಈಗ ಕೇಳುವುದು ‘ಈ ಊರು ಇಷ್ಟು ದಿನ ಹೇಗೆ ನಂಬಿತು? ಗುಡ್ಡ ಹತ್ತಿ ನೋಡುವ ಧೈರ್ಯ ಯಾರಿಗೂ ಏಕೆ ಬರಲಿಲ್ಲ? ಆ ಭಯ ಯಾರ ಹೊಟ್ಟೆ ಹೊರೆಯಿತು?’ ಎಂದು. ಕೊನೆ ಗೊತ್ತಿದ್ದವನಿಗೆ ಮಾತ್ರ ನಡುವೆ ನಡೆಯುವುದನ್ನು ನಿಧಾನವಾಗಿ ನೋಡುವ ಬಿಡುವು ದೊರೆಯುತ್ತದೆ.

ಬೇರೆ ಉದಾಹರಣೆಯಿಂದಲೂ ಈ ಮಾತನ್ನು ಪರೀಕ್ಷಿಸಬಹುದು. ಶರದಿಂದು ಬಂದ್ಯೋಪಾಧ್ಯಾಯರ ಕಥೆಗಳನ್ನು ಆಧರಿಸಿ ಬಾಸು ಚಟರ್ಜಿಯವರು 1993ರಲ್ಲಿ ‘ಬ್ಯೋಮ್‌ಕೇಶ್ ಬಕ್ಷಿ’ಯನ್ನು ದೂರದರ್ಶನಕ್ಕೆ ತಂದರು, 2020ರಲ್ಲಿ ಊರೆಲ್ಲ ಬಾಗಿಲು ಹಾಕಿ ಕುಳಿತಿದ್ದಾಗ ಅದು ಮರುಪ್ರಸಾರವಾಯಿತು. ಗ್ರಾಮೊಫೋನಿನ ಮುಳ್ಳಿನಿಂದ ಜನ ಸಾಯುವ ಕಥೆಯೊಂದು ಅದರಲ್ಲಿದೆ. ಮುಳ್ಳು ಹಾರಿಬರುವುದು ಸೈಕಲ್ಲಿನ ಗಂಟೆಯೊಳಗಿಂದ. ಮೊದಲ ಸಲ ಆ ಗಂಟೆಯ ಸದ್ದು ಕಲ್ಕತ್ತೆಯ ಬೀದಿಯ ಗದ್ದಲದಲ್ಲಿ ಒಂದು. ನಮ್ಮ ಕಿವಿ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಎರಡನೆಯ ಸಲ ಅದೇ ಸದ್ದಿಗೆ ಬೆನ್ನು ತಣ್ಣಗಾಗುತ್ತದೆ. ತಿಳಿವಳಿಕೆಯಿಂದ ಭಯ ಕಡಮೆಯಾಗಲಿಲ್ಲ, ಬಲಿಯಿತು. ಈಡಿಪಸನ ಕಥೆಯನ್ನು ನೋಡಲು ಕೂತ ಅಥೆನ್ಸಿನ ಜನಕ್ಕೂ ಕೊಂದವನು ಯಾರೆಂದು ಗೊತ್ತಿತ್ತು. ಗೊತ್ತಿಲ್ಲದವನು ಹುಡುಕುತ್ತಿದ್ದ ದೊರೆಯೊಬ್ಬನೇ.

ಅಷ್ಟು ದೂರವೇಕೆ? ಮಾದಪ್ಪನ ದೇವರಗುಡ್ಡರು ಕಂಸಾಳೆ ಹಿಡಿದು ಸಂಕಮ್ಮನ ಕಥೆ ಎತ್ತಿದರೆ ನಮ್ಮ ಕಡೆಯ ಜನ ಬೆಳಗಿನವರೆಗೆ ಕೂರುತ್ತಾರೆ. ಶೀಲವನ್ನು ಶಂಕಿಸಿದ ಗಂಡ ನೀಲೇಗೌಡ ಅವಳನ್ನು ಕಾಡಿನಲ್ಲಿ ಹಿಂಸೆಗೆ ಗುರಿಮಾಡಿ ಹೋಗುವುದೂ, ಮಾದಪ್ಪ ಬಂದು ಕಾಯುವುದೂ ಅಲ್ಲಿ ಕೂತ ಮಕ್ಕಳಿಗೂ ಗೊತ್ತು. ಆದರೂ ಪ್ರತಿ ಸಲ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಮುಂದೇನೆಂಬ ಕುತೂಹಲ ಕಥೆಯ ಹೆಬ್ಬಾಗಿಲೇ ಹೊರತು ಮನೆಯಲ್ಲ ಎಂಬುದನ್ನು ನಮ್ಮ ಕೇಳುಗರು ಬಹಳ ಹಿಂದೆಯೇ ಬಲ್ಲರು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯೂ ಸಲ್ಲಬೇಕು. ‘ಗುಡ್ಡದ ಭೂತ’ವನ್ನು ಹುಡುಕಿಹೋಗುವ ಎಲ್ಲರೂ ಅದನ್ನೇ ಹುಡುಕುತ್ತಿಲ್ಲ. ಹಲವರಿಗೆ ಬೇಕಾದದ್ದು ತಮ್ಮ ಬಾಲ್ಯ: ಅಂಟೆನಾ ತಿರುಗಿಸಿದ ಮಾಡು, ಅಜ್ಜಿಯ ಮಗ್ಗುಲು, ಹೆದರಿ ಹೊದ್ದುಕೊಂಡ ಕಂಬಳಿ. ಆ ‘ಡೆನ್ನಾನ’ ಹಾಡು ಕಿವಿಗೆ ಬಿದ್ದರೆ ಸಾಕು, ಅವರ ಕಣ್ಣು ತುಂಬುತ್ತದೆ. 2015ರಲ್ಲಿ ‘ರಂಗಿತರಂಗ’ ಚಿತ್ರ ಆ ಹಾಡನ್ನು ಮತ್ತೆ ಕೇಳಿಸಿದಾಗ ಹಳೆಯ ನೋಡುಗರು ಪುಳಕಗೊಂಡದ್ದು ಸಹಜವೇ. ಆದರೆ ನೆನಪಿನ ಸುಖ ಬೇರೆ, ಕೃತಿಯ ಗುಣ ಬೇರೆ. ಧಾರಾವಾಹಿಯಲ್ಲಿ ಅಲ್ಲಲ್ಲಿ ರಂಗದ ಗಟ್ಟಿದನಿ ಉಳಿದಿದೆ. ನಡಿಗೆ ಇಂದಿನವರಿಗೆ ನಿಧಾನವೆನಿಸುತ್ತದೆ. ನೆನಪಿನ ಮಮಕಾರದಲ್ಲಿ ಇವನ್ನು ಮರೆಮಾಚಬೇಕಾಗಿಲ್ಲ. ಇವನ್ನೆಲ್ಲ ಕಳೆದ ಮೇಲೂ ಉಳಿಯುವುದು ಸಾಕಷ್ಟಿದೆ: ನೆಲದ ನಂಬಿಕೆಯನ್ನು ಅಣಕಿಸದೆ, ಅದಕ್ಕೆ ಕುರುಡಾಗಿ ಅಡ್ಡಬೀಳದೆ, ಅದರ ಕಣ್ಣಲ್ಲಿ ಕಣ್ಣಿಟ್ಟು ಪ್ರಶ್ನೆ ಕೇಳಿದ ಧೀರತನ.

ಈ ಗುಣ ಆಕಸ್ಮಿಕವಲ್ಲ. ಮುಲ್ಕಿಯ ಸುವರ್ಣರು ಮುಂಬಯಿಯ ಕನ್ನಡ ರಂಗಭೂಮಿಯಲ್ಲಿ ಪಳಗಿದವರು, ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ (1977) ನಿರ್ಮಾಪಕರು, ತೇಜಸ್ವಿಯವರ ‘ಕುಬಿ ಮತ್ತು ಇಯಾಲ’ವನ್ನು ತೆರೆಗೆ ತಂದವರು. 2024ರ ಜುಲೈನಲ್ಲಿ ಅವರು ತೀರಿಕೊಂಡರು. ಅದೇ ವರ್ಷ, ಜೀರ್ಣೋದ್ಧಾರಗೊಂಡ ‘ಘಟಶ್ರಾದ್ಧ’ ವೆನಿಸ್ ಚಿತ್ರೋತ್ಸವದಲ್ಲಿ ಹೊಸ ಹೊಳಪಿನಿಂದ ಕಾಣಿಸಿಕೊಂಡಿತು. ‘ಗುಡ್ಡದ ಭೂತ’ವಾದರೋ ಅಂತರ್ಜಾಲದಲ್ಲಿ ಮಸುಕು ಪ್ರತಿಗಳಾಗಿ ಅಲೆಯುತ್ತಿದೆ. ರಾತ್ರಿಯ ದೃಶ್ಯಗಳಲ್ಲಿ ಗುಡ್ಡ ಯಾವುದು, ಕತ್ತಲೆ ಯಾವುದು ಎಂದು ತಿಳಿಯದು. ಸಿನಿಮಾ ಕಲೆ, ಟೀವಿ ಬರಿಯ ಕಾಲಹರಣ ಎಂಬ ಮೇಲುಕೀಳಿನ ಭಾವನೆಯೇ ಇದಕ್ಕೆ ಕಾರಣವೆಂದು ತೋರುತ್ತದೆ. ಪತ್ತೇದಾರಿಯನ್ನು ಜಗಲಿಯಲ್ಲಿ ಕೂರಿಸಿದ ವಿಮರ್ಶೆಯೂ ಈ ಭಾವನೆಯನ್ನು ಬೆಳೆಸಿತು.

ಜನ ಹಾಗೆ ಎಣಿಸಿಲ್ಲ. ತಮಗೆ ಗೊತ್ತಿರುವ ಕಥೆಯನ್ನು ಅವರು ಆ ಮಸುಕಿನಲ್ಲೇ ಕಣ್ಣರಳಿಸಿ ನೋಡುತ್ತಿದ್ದಾರೆ. ದೂರದರ್ಶನದವರು ಉತ್ತಮವಾದೊಂದು ಪ್ರತಿಯನ್ನು ಶುದ್ಧಗೊಳಿಸಿ ಹೊರತಂದರೆ ಆ ನಿಷ್ಠೆಗೆ ತಕ್ಕ ಮರ್ಯಾದೆ ಮಾಡಿದಂತಾಗುತ್ತದೆ. ಗುಡ್ಡದ ಮೇಲೆ ಏನಿದೆಯೆಂಬುದು ನಮಗೆ ತಿಳಿದಿದೆ; ಗುಡ್ಡವನ್ನೇ ಇನ್ನೊಮ್ಮೆ ಸರಿಯಾಗಿ ನೋಡಬೇಕಾಗಿದೆ.