ಸದ್ದಡಗುವ ಗಳಿಗೆ

ಭರತ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ತಂಬ್ರಹಳ್ಳಿಯಲ್ಲಿ ಮಾತೆಲ್ಲ ಮೈಲಾರದ ಜಾತ್ರೆಯದೇ. ಹಡಗಲಿ ತಾಲ್ಲೂಕಿನ ಆ ಕ್ಷೇತ್ರದ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ವರ್ಷದ ಕಾರಣಿಕ ನುಡಿಯುತ್ತಾನೆ. ನುಡಿಯುವುದು ಒಂದೇ ಮಾತು. ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಜನ ಅದರಲ್ಲೇ ಹುಡುಕಿಕೊಳ್ಳುತ್ತಾರೆ.

ನಮ್ಮ ಅತ್ತೆ ಮೊದಲು ಬಂಡಿಯಲ್ಲಿ, ಆಮೇಲೆ ಟ್ರ್ಯಾಕ್ಟರಿನಲ್ಲಿ, ಬುತ್ತಿ ಕಟ್ಟಿಕೊಂಡು ತಪ್ಪದೆ ಹೋಗುತ್ತಿದ್ದವರು. ಮೊಣಕಾಲು ನೋವು ಹೆಚ್ಚಾದ ವರ್ಷ ತಡೆದವಳು ನಾನೇ. "ಲ್ಯಾಪ್‌ಟಾಪಿನಾಗ ನೇರಪ್ರಸಾರ ಬರ್ತೈತಿ ಅತ್ತಿ, ಬಿಲ್ಲಿನ ಬುಡದಾಗ ಕುಂತಂಗ ಕಾಣ್ತೈತಿ" ಎಂದೆ.

ಕಂಡಿದ್ದೇನೋ ನಿಜ. ಗೊರವಯ್ಯನ ಕಂಬಳಿಯ ಎಳೆ ಕೂಡ ಕಾಣುತ್ತಿತ್ತು. ಪಕ್ಕದ ಕಿಟಕಿಯಲ್ಲಿ, ಜಾತ್ರೆಗೆ ಹೋಗಿದ್ದ ಮೈದುನ ವಿಡಿಯೋ ಕರೆಯಲ್ಲಿದ್ದ. ಅವನ ಕಡೆ ಜನ ಹೋ ಎಂದು ಕೂಗಿದರು, ಕಾರಣಿಕ ಆಗಿಹೋಗಿತ್ತು. ನೇರಪ್ರಸಾರದಲ್ಲಿ ಗೊರವಯ್ಯ ಇನ್ನೂ ಬಿಲ್ಲು ಹತ್ತುತ್ತಿದ್ದ!

"ಈಗ ಆಗಾಕತ್ತಿದ್ದು ಯಾವ್ದವ್ವ, ಅದಾ ಇದಾ?" ಎಂದರು ಅತ್ತೆ.

ಅವರ ಪ್ರಶ್ನೆಗೆ ಉತ್ತರ ತಿಳಿದುಕೊಂಡದ್ದು ಆಮೇಲೆ. ನೇರಪ್ರಸಾರವೆಂಬುದು ದೃಶ್ಯವನ್ನು ಕೆಲವು ಸೆಕೆಂಡುಗಳ ತುಂಡುಗಳನ್ನಾಗಿ ಕತ್ತರಿಸಿ ಕಳಿಸುತ್ತದೆ. ಚಿತ್ರ ನಡುವೆ ನಿಲ್ಲಬಾರದೆಂದು ಬ್ರೌಸರು ಒಂದೆರಡು ತುಂಡುಗಳನ್ನು ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ಹಾಗಾಗಿ ಅರ್ಧ ನಿಮಿಷದವರೆಗೂ ತಡವಾಗಬಹುದು. ಬ್ರೌಸರಿನಲ್ಲಿ ನಡೆಯುವ ಕರೆಯ ದಾರಿ ಬೇರೆ. ಅದಕ್ಕೆ ವೆಬ್‌ಆರ್‌ಟಿಸಿ ಎನ್ನುತ್ತಾರೆ. 2021ರ ಜನವರಿಯಲ್ಲಿ ಅದು ವೆಬ್ಬಿನ ಅಧಿಕೃತ ಮಾನದಂಡವಾಯಿತು. ಅದು ಕಳೆದುಹೋದ ಚೂರಿಗಾಗಿ ಹೆಚ್ಚು ಕಾಯುವುದಿಲ್ಲ, ಬಿಟ್ಟು ಮುಂದೆ ಹೋಗುತ್ತದೆ. ಅದಕ್ಕೇ ಮೈದುನನ ಮುಖ ಒಡೆದೊಡೆದು ಕಂಡರೂ ಸುದ್ದಿ ಬೇಗ ಬಂತು. ಆದರೆ ಮಾತು ಸ್ಪಷ್ಟವಾಗಲೆಂದು ಹಿನ್ನೆಲೆಯ ಸದ್ದನ್ನು ಸೋಸುವ ಗುಣವೂ ಇಂಥ ಕರೆಗಳಿಗಿದೆ. ನಮಗೆ ಗೊರವರ ಡಮರುಗ ಕೇಳಿಸಿದ್ದು ಅಷ್ಟಕ್ಕಷ್ಟೆ.

ತಡವಾದದ್ದನ್ನು ನಾನು ದೊಡ್ಡ ತಪ್ಪೆನ್ನುವುದಿಲ್ಲ. ನನ್ನ ತಕರಾರು ಬೇರೆ. ಗೊರವಯ್ಯ ಬಿಲ್ಲಿನ ಮೇಲಿಂದ "ಸದ್ದಲೇ" ಎಂದ ಕೂಡಲೆ ಲಕ್ಷಾಂತರ ಜನ ಒಮ್ಮೆಲೇ ಸುಮ್ಮನಾಗುತ್ತಾರೆ. ಕೂಸನ್ನು ಎತ್ತಿಕೊಂಡ ತಾಯಿಯೂ ಉಸಿರು ಬಿಗಿಹಿಡಿಯುತ್ತಾಳೆ. ಕಾರಣಿಕದ ಅರ್ಧ ಬಲ ಆ ಮೌನದಲ್ಲಿದೆ. ಪ್ರಸಾರದ ನಿರೂಪಕ ಮಾತ್ರ ಅಲ್ಲೂ ಬಾಯಿ ಮುಚ್ಚಲಿಲ್ಲ. "ವೀಕ್ಷಕರೇ, ನೀವೀಗ ನೋಡುತ್ತಿದ್ದೀರಿ" ಎನ್ನುತ್ತಲೇ ಇದ್ದ. ಕೆಳಗೆ ಜಾಹೀರಾತಿನ ಪಟ್ಟಿ ಓಡುತ್ತಿತ್ತು. ಕಾಣುತ್ತಿರುವುದನ್ನು ಮತ್ತೆ ಹೇಳುವ ಈ ಚಟವನ್ನು ನೀವೂ ತೇರಿನ, ದಸರೆಯ ಪ್ರಸಾರಗಳಲ್ಲಿ ಗಮನಿಸಿರಬಹುದು. ಇದು ಯಂತ್ರದ ದೋಷವಲ್ಲ; ಸುಮ್ಮನಿರಲಾರದ ನಮ್ಮದೇ ದೋಷ.

ಹಾಸಿಗೆ ಹಿಡಿದವರಿಗೆ, ದೂರದೇಶದ ಮಕ್ಕಳಿಗೆ ನೇರಪ್ರಸಾರ ದೊಡ್ಡ ಉಪಕಾರ. ಅದು ಬೇಡವೆನ್ನಲು ನನಗೆ ಬಾಯಿಲ್ಲ. ಬಿಲ್ಲಿನ ಹತ್ತಿರ ಒಂದು ಒಳ್ಳೆಯ ಮೈಕು ಇಟ್ಟು, ಆ ಒಂದು ನಿಮಿಷ ಮಾತು ನಿಲ್ಲಿಸಿದರೆ ಸಾಕು.

ಮರುವರ್ಷ ಅತ್ತೆಯ ಕಾಲು ಇನ್ನೂ ಕೆಟ್ಟಿತ್ತು. ಆದರೂ ಕಾರಿನಲ್ಲಿ ಕರೆದುಕೊಂಡು ಹೋದೆವು. ಜನರ ನೂಕುನುಗ್ಗಲಿಗೆ ದೂರದಲ್ಲೇ ಉಳಿಯಬೇಕಾಯಿತು. ಅವರಿಗೆ ಬಿಲ್ಲೂ ಕಾಣಲಿಲ್ಲ, ಕಾರಣಿಕವೂ ಕಿವಿಗೆ ಬೀಳಲಿಲ್ಲ. ಅಯ್ಯೋ, ಇಷ್ಟು ದೂರ ಬಂದೂ ದಂಡವಾಯಿತಲ್ಲ ಎಂದು ನಾನು ಪೇಚಾಡಿದೆ.

"ಎಲ್ಲಾರೂ ಸುಮ್ಮಕಾದದ್ದು ಕೇಳಿತಲ್ಲವ್ವ, ಸಾಕು" ಎಂದರು.